ಅಪ್ಪನ ಜೊತೆ ಜರ್ಮನಿ, ಸ್ವಿಟ್ಜರ್ಲೆಂಡ್: ಫೋನಿನ ವಿಷಯ ಹೇಗೆ?

ದಾರಿಗುಂಟ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಪ್ಪನನ್ನು ಕರೆದುಕೊಂಡು ಹನ್ನೆರಡು ದಿನದ ಪ್ರವಾಸ ಹೊರಟಿದ್ದೇನೆ. ಮ್ಯೂನಿಕ್‌ನಲ್ಲಿ ಇಳಿಯುತ್ತೇವೆ. ಕಾನ್‌ಸ್ಟಾನ್ಸ್ ಸರೋವರದ ಹತ್ತಿರ ಎರಡು ದಿನ, ಅಲ್ಲಿಂದ ಜ್ಯೂರಿಕ್, ಲೂಸರ್ನ್, ಇಂಟರ್‌ಲಾಕೆನ್. ಎಲ್ಲಾ ಕಡೆ ರೈಲು, ಬಸ್ಸಿನಲ್ಲೇ ಓಡಾಟ. ನಮ್ಮಿಬ್ಬರಿಗೂ ಇದೇ ಮೊದಲ ಹೊರದೇಶದ ಪ್ರಯಾಣ.

ಟಿಕೆಟ್, ಹೋಟೆಲ್ ಎಲ್ಲಾ ಆಗಿದೆ. ಫೋನಿನ ವಿಷಯಕ್ಕೆ ಬಂದರೆ ಮಾತ್ರ ಗೊಂದಲ. ಒಬ್ಬರು ರೋಮಿಂಗ್ ಪ್ಯಾಕ್ ಹಾಕಿಸು ಅಂತಾರೆ. ಇನ್ನೊಬ್ಬರು ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್) ಅಂತಾರೆ. ಮತ್ತೊಬ್ಬರು ಅಲ್ಲೇ ಇಳಿದ ಮೇಲೆ ಸಿಮ್ ತಗೋ ಅಂತಾರೆ. ನಾನು ಯೋಚಿಸಿದ್ದು ಹೀಗೆ: ನನ್ನ ಫೋನಿಗೆ ಒಂದು ಇ-ಸಿಮ್ ಹಾಕಿಕೊಂಡು, ಅಪ್ಪನ ಫೋನಿಗೆ ಹಾಟ್‌ಸ್ಪಾಟ್ ಕೊಡುವುದು. ಸಾಕಾಗುತ್ತಾ? ಬ್ಯಾಂಕಿನ ಒಟಿಪಿ ಎಲ್ಲಿಗೆ ಬರುತ್ತದೆ? ರೈಲು ಬದಲಿಸುವಾಗ ಅಪ್ಪ ಕೈತಪ್ಪಿದರೆ ಏನು ಮಾಡುವುದು? ಈ ಕೊನೆಯದೇ ನನಗೆ ಜಾಸ್ತಿ ಭಯ.

ಹಳೇಬ್ಯಾಗು

ಎಲ್ಲರೂ ಡೇಟಾದಿಂದ ಶುರು ಮಾಡುತ್ತಾರೆ. ನೀವು ಒಟಿಪಿ ಕೇಳಿದ್ದೀರಿ, ಒಳ್ಳೆಯದಾಯಿತು. ಅಲ್ಲಿಂದಲೇ ಶುರು ಮಾಡೋಣ.

ನಿಮ್ಮ ಊರಿನ ಸಿಮ್ ಫೋನಿನಲ್ಲೇ ಇರಬೇಕು, ಜೀವಂತ ಇರಬೇಕು. ಹೊರಡುವ ಒಂದು ವಾರ ಮುಂಚೆಯೇ ಕಂಪನಿಗೆ ಹೇಳಿ ಹೊರದೇಶದ ರೋಮಿಂಗ್ ಚಾಲೂ ಮಾಡಿಸಿ. ಸೆಟ್ಟಿಂಗ್ಸ್‌ನಲ್ಲಿ ಆ ಸಿಮ್ಮಿನ ಡೇಟಾ ರೋಮಿಂಗ್ ಆಫ್ ಇಡಿ. ಇವೆರಡೂ ಬೇರೆ ಬೇರೆ ವಿಷಯ, ತುಂಬಾ ಜನ ಇಲ್ಲೇ ಗಲಿಬಿಲಿ ಮಾಡಿಕೊಳ್ಳುತ್ತಾರೆ. ಕಂಪನಿಯ ಕಡೆಯಿಂದ ರೋಮಿಂಗ್ ಚಾಲೂ ಇದ್ದರೆ ಸಿಮ್ ಅಲ್ಲಿನ ಟವರ್ ಹಿಡಿಯುತ್ತದೆ, ಎಸ್ಸೆಮ್ಮೆಸ್ ಬರುತ್ತದೆ. ಡೇಟಾ ರೋಮಿಂಗ್ ಆಫ್ ಇದ್ದರೆ ಇಂಟರ್ನೆಟ್ ಬಿಲ್ ಏರುವುದಿಲ್ಲ. ಬರುವ ಎಸ್ಸೆಮ್ಮೆಸ್‌ಗೆ ಹೆಚ್ಚಿನ ಕಂಪನಿಗಳು ದುಡ್ಡು ಹಾಕುವುದಿಲ್ಲ. ಆದರೆ ಬಂದ ಕರೆ ಎತ್ತಿದರೆ ಹಾಕುತ್ತವೆ. ಪ್ರೀಪೇಯ್ಡ್ ಆದರೆ ನೀವು ಮರಳುವ ದಿನದ ತನಕ ವ್ಯಾಲಿಡಿಟಿ ಇದೆಯಾ ನೋಡಿಕೊಳ್ಳಿ.

ಇಮೇಲ್‌ಗೂ ಬೇರೆ ಖಾತೆಗಳಿಗೂ ಎಸ್ಸೆಮ್ಮೆಸ್ ಬದಲು ಅಥೆಂಟಿಕೇಟರ್ ಆಪ್ (ಲಾಗಿನ್ ಕೋಡನ್ನು ಫೋನಿನಲ್ಲೇ ತಯಾರಿಸುವ ಆಪ್) ಹಾಕಿಕೊಳ್ಳಿ. ಅದು ಕೋಡ್ ತೋರಿಸಲು ಇಂಟರ್ನೆಟ್ ಬೇಕಿಲ್ಲ. ಫೋನಿನ ಗಡಿಯಾರ ಸರಿಯಾಗಿದ್ದರೆ ಆಯಿತು.

ಇನ್ನೊಂದು. ಹೊಸ ಸಿಮ್ ಹಾಕಿದ ಕೂಡಲೇ ವಾಟ್ಸಾಪ್ "ನಂಬರ್ ಬದಲಾಯಿಸಬೇಕಾ?" ಅಂತ ಕೇಳಬಹುದು. ಬೇಡ ಅನ್ನಿ. ಹಳೇ ನಂಬರಿನಲ್ಲೇ ಎಲ್ಲಾ ನಡೆಯುತ್ತದೆ.

ತಂತಿಟವರ್

ಮೊಬೈಲ್ ನೆಟ್‌ವರ್ಕ್ ಕೆಲಸದಲ್ಲಿ ಹಲವು ವರ್ಷ ಇದ್ದವನು ನಾನು. ನಿಮ್ಮ ದಾರಿ ನೋಡಿ ಒಂದು ವಿಷಯ ಹೇಳಲೇಬೇಕು ಅನ್ನಿಸಿತು.

ಯುರೋಪಿಯನ್ ಒಕ್ಕೂಟದಲ್ಲಿ 2017ರ ಜೂನ್ 15ರಿಂದ ಒಂದು ನಿಯಮ ಇದೆ. ಒಕ್ಕೂಟದ ಒಂದು ದೇಶದ ಸಿಮ್ ಇನ್ನೊಂದು ದೇಶದಲ್ಲಿ ಬಳಸಿದರೆ ಮಾಮೂಲಿ ಬಳಕೆಗೆ ರೋಮಿಂಗ್ ದುಡ್ಡು ಹೆಚ್ಚುವರಿಯಾಗಿ ಹಾಕುವಂತಿಲ್ಲ. ಅದನ್ನು 2032ರ ತನಕ ಮುಂದುವರಿಸಿದ್ದಾರೆ. ಐಸ್‌ಲ್ಯಾಂಡ್, ನಾರ್ವೆ, ಲಿಕ್ಟೆನ್‌ಸ್ಟೈನ್ ಕೂಡ ಇದರಲ್ಲಿ ಸೇರಿವೆ. ಸ್ವಿಟ್ಜರ್ಲೆಂಡ್ ಸೇರಿಲ್ಲ! ಅದರ ಮಗ್ಗುಲಲ್ಲೇ ಇರುವ ಪುಟ್ಟ ಲಿಕ್ಟೆನ್‌ಸ್ಟೈನ್ ಒಳಗೆ, ಸ್ವಿಟ್ಜರ್ಲೆಂಡ್ ಹೊರಗೆ. ಹಾಗಾಗಿ ಮ್ಯೂನಿಕ್‌ನಲ್ಲಿ ಸಿಮ್ ತಗೊಂಡು ಜ್ಯೂರಿಕ್‌ಗೆ ಹೋದರೆ ಅದು ನಡೆಯುತ್ತದೆ ಅಂತ ಸುಮ್ನೆ ಅಂದುಕೊಳ್ಳಬೇಡಿ. ಕೆಲವು ಕಂಪನಿಗಳು ತಾವಾಗಿಯೇ ಸ್ವಿಟ್ಜರ್ಲೆಂಡನ್ನೂ ಸೇರಿಸಿರುತ್ತವೆ, ಕೆಲವು ಇಲ್ಲ. "ಯುರೋಪ್ ಪ್ಲಾನ್" ಅಂತ ಹೆಸರಿದ್ದರೆ ಸಾಲದು. ದೇಶಗಳ ಪಟ್ಟಿ ತೆರೆದು ಸ್ವಿಟ್ಜರ್ಲೆಂಡ್ ಹೆಸರು ಕಣ್ಣಾರೆ ನೋಡಿ.

ಮೇಲಾಗಿ ಕಾನ್‌ಸ್ಟಾನ್ಸ್ ಸ್ವಿಸ್ ಗಡಿಗೆ ಅಂಟಿಕೊಂಡ ಊರು. ಜರ್ಮನಿಯ ನೆಲದಲ್ಲೇ ನಿಂತಿದ್ದರೂ ಫೋನು ಸ್ವಿಸ್ ಟವರ್ ಹಿಡಿಯಬಹುದು. ರೇಡಿಯೋ ಅಲೆಗಳಿಗೆ ಗಡಿ ಗೊತ್ತಿಲ್ಲ. ಹೆಚ್ಚು ಬಲವಾದ ಸಿಗ್ನಲ್ ಯಾವುದೋ, ಫೋನು ಅದಕ್ಕೆ ಒಲಿಯುತ್ತದೆ. ಸ್ವಿಟ್ಜರ್ಲೆಂಡ್ ಇಲ್ಲದ ಪ್ಲಾನ್ ಇದ್ದರೆ ಆ ಎರಡು ದಿನ ಸೆಟ್ಟಿಂಗ್ಸ್‌ನಲ್ಲಿ ಆಟೋಮ್ಯಾಟಿಕ್ ಆಯ್ಕೆ ತೆಗೆದು, ಜರ್ಮನಿಯ ನೆಟ್‌ವರ್ಕನ್ನು ಕೈಯಾರೆ ಆರಿಸಿಡಿ.

ನಿಮಗೆ ನನ್ನ ಸಲಹೆ: ಎರಡೂ ದೇಶ ಇರುವ ಒಂದು ಇ-ಸಿಮ್. ಜರ್ಮನಿಯಲ್ಲಿ 2017ರಿಂದ ಪ್ರೀಪೇಯ್ಡ್ ಸಿಮ್ ಕೊಳ್ಳಲು ಗುರುತಿನ ಪರಿಶೀಲನೆ ಕಡ್ಡಾಯ. ಇಳಿದ ದಿನ ಸುಸ್ತಾಗಿ ಅಂಗಡಿಯಲ್ಲಿ ಪಾಸ್‌ಪೋರ್ಟ್ ಹಿಡಿದು ನಿಲ್ಲುವ ಕೆಲಸ ಅಪ್ಪನಿಗೂ ಬೇಡ, ನಿಮಗೂ ಬೇಡ.

ದಾರಿಗುಂಟ

ತಂತಿಟವರ್ ಅವರೇ, ಸ್ವಿಟ್ಜರ್ಲೆಂಡ್ ವಿಷಯ ನನಗೆ ಗೊತ್ತೇ ಇರಲಿಲ್ಲ. ನಾನು ಆರಿಸಿಟ್ಟಿದ್ದ ಪ್ಲಾನ್ ಈಗ ತೆರೆದು ನೋಡಿದೆ. ಪಟ್ಟಿಯಲ್ಲಿ ಅದು ಇಲ್ಲ. ತುಂಬಾ ಥ್ಯಾಂಕ್ಸ್.

ನನ್ನ ಫೋನ್ ಇ-ಸಿಮ್‌ಗೆ ಆಗುತ್ತದಾ ಅಂತ ಹೇಗೆ ತಿಳಿಯುವುದು?

ತಂತಿಟವರ್

*#06# ಒತ್ತಿ. ಐಎಂಇಐ (ಫೋನಿನ ಗುರುತಿನ ನಂಬರ್) ಜೊತೆ ಇಐಡಿ ಅಂತ ಉದ್ದದ ನಂಬರ್ ಕಂಡರೆ ಇ-ಸಿಮ್ ಇದೆ. ಐಫೋನ್‌ಗಳಲ್ಲಿ 2018ರ ಎಕ್ಸ್‌ಎಸ್‌ನಿಂದ ಈಚೆಗೆ ಇದೆ, ಚೀನಾದಲ್ಲಿ ಮಾರಿದ ಬಹುತೇಕ ಫೋನುಗಳನ್ನು ಬಿಟ್ಟರೆ. ಫೋನು ಯಾವುದೋ ಒಂದೇ ಕಂಪನಿಯ ಸಿಮ್‌ಗೆ ಲಾಕ್ ಆಗಿರಬಾರದು, ಅದನ್ನೂ ನೋಡಿ.

ಹಾಕುವಾಗ ಇಂಟರ್ನೆಟ್ ಬೇಕು. ಆದ್ದರಿಂದ ಮನೆಯ ವೈಫೈನಲ್ಲೇ ಹಾಕಿಕೊಂಡು ಹೊರಡಿ. ಕ್ಯೂಆರ್ ಕೋಡ್ ನಿಮ್ಮದೇ ಫೋನಿಗೆ ಬಂದರೆ ಅದನ್ನು ಅದೇ ಫೋನಿನ ಕ್ಯಾಮೆರಾದಿಂದ ಹಿಡಿಯಲು ಆಗುವುದಿಲ್ಲ ಅಲ್ವಾ? ಇನ್ನೊಂದು ಪರದೆಯಲ್ಲಿ ತೆರೆಯಿರಿ, ಇಲ್ಲವೇ ಅಚ್ಚು ಹಾಕಿಸಿ. ಒಮ್ಮೆ ಹಾಕಿದ ಇ-ಸಿಮ್ ಪ್ರವಾಸ ಮುಗಿಯುವ ತನಕ ಅಳಿಸಬೇಡಿ. ಹೆಚ್ಚಿನ ಕೋಡ್‌ಗಳು ಎರಡನೇ ಸಲ ಕೆಲಸ ಮಾಡುವುದಿಲ್ಲ.

ಇಳಿದ ಮೇಲೆ ಸಿಗ್ನಲ್ ಇದೆ, ಇಂಟರ್ನೆಟ್ ಇಲ್ಲ ಅಂತಾದರೆ ಹತ್ತರಲ್ಲಿ ಎಂಟು ಸಲ ಕಾರಣ ಒಂದೇ. ಊರಿನ ಸಿಮ್ಮಿಗೆ ಡೇಟಾ ರೋಮಿಂಗ್ ಆಫ್ ಮಾಡಿದ ಅಭ್ಯಾಸದಲ್ಲಿ ಇ-ಸಿಮ್‌ಗೂ ಆಫ್ ಮಾಡಿರುತ್ತಾರೆ. ಪ್ರವಾಸದ ಇ-ಸಿಮ್ ಸಾಮಾನ್ಯವಾಗಿ ಬೇರೆ ಯಾವುದೋ ದೇಶದ ಸಿಮ್ ಆಗಿರುತ್ತದೆ. ಅದಕ್ಕೆ ಡೇಟಾ ರೋಮಿಂಗ್ ಆನ್ ಇರಲೇಬೇಕು. ಐಫೋನ್ ಆದರೆ "ಸೆಲ್ಯುಲರ್ ಡೇಟಾ ಸ್ವಿಚಿಂಗ್" ಅನ್ನುವುದನ್ನು ಆಫ್ ಇಡಿ. ಇಲ್ಲದಿದ್ದರೆ ಇ-ಸಿಮ್ ಸಿಗ್ನಲ್ ಸೋತ ಕಡೆ ಫೋನು ಊರಿನ ಸಿಮ್ಮಿನ ಡೇಟಾಕ್ಕೆ ಹೊರಳಬಹುದು.

ಮುಗಿಲು

ಇಷ್ಟೆಲ್ಲಾ ಯಾಕೆ? ಹೋಟೆಲ್‌ನಲ್ಲಿ ವೈಫೈ, ಸ್ಟೇಷನ್‌ನಲ್ಲಿ ವೈಫೈ, ಹೊಟೇಲು ಬಿಟ್ಟರೆ ಕಾಫಿ ಅಂಗಡಿಯಲ್ಲಿ ವೈಫೈ. ನಾನು ಎರಡು ಪ್ರವಾಸ ಅದರಲ್ಲೇ ಮುಗಿಸಿದ್ದೇನೆ. ಸಂಜೆ ತನಕ ಫೋನು ನೋಡದೆ ಊರು ನೋಡುವುದರಲ್ಲಿ ಸುಖ ಇದೆ.

ಹಳೇಬ್ಯಾಗು

ಮುಗಿಲು ಅವರೇ, ಒಬ್ಬರೇ ಹೋಗುವವರಿಗೆ ಅದು ಸರಿ. ವಯಸ್ಸಾದವರ ಜೊತೆ ಹೋಗುವಾಗ ನಾನು ಒಪ್ಪುವುದಿಲ್ಲ. ಇಂಟರ್ನೆಟ್ ನಿಜವಾಗಿ ಬೇಕಾಗುವುದು ವೈಫೈ ಇಲ್ಲದ ಜಾಗದಲ್ಲೇ. ರೈಲು ರದ್ದಾದ ಪ್ಲಾಟ್‌ಫಾರಂ, ಬಸ್ಸು ತಪ್ಪಿದ ತಿರುವು, ಮಳೆ ಬಂದ ದಾರಿ. ಮತ್ತೆ ಎಷ್ಟೋ ಕಡೆ ವೈಫೈ ತೆರೆಯಬೇಕಾದರೆ ನಂಬರಿಗೆ ಎಸ್ಸೆಮ್ಮೆಸ್ ಕೋಡ್ ಕಳಿಸುತ್ತಾರೆ. ಸಿಮ್ ಆಫ್ ಮಾಡಿಟ್ಟವರಿಗೆ ಅದು ಬರುವುದೇ ಇಲ್ಲ.

ಹಾಟ್‌ಸ್ಪಾಟ್ ಯೋಚನೆಯೂ ಇದೇ ಕಾರಣಕ್ಕೆ ನನಗೆ ಹಿಡಿಸಲಿಲ್ಲ, ದಾರಿಗುಂಟ ಅವರೇ. ನೀವಿಬ್ಬರೂ ಪಕ್ಕದಲ್ಲಿದ್ದಾಗ ಹಾಟ್‌ಸ್ಪಾಟ್ ಚೆನ್ನಾಗಿ ನಡೆಯುತ್ತದೆ. ಪಕ್ಕದಲ್ಲಿದ್ದಾಗ ಅಪ್ಪನಿಗೆ ಫೋನಿನ ಅಗತ್ಯ ಏನಿದೆ? ಕೈತಪ್ಪಿದ ಆ ಗಳಿಗೆಯಲ್ಲೇ ಅವರ ಫೋನು ಮೂಕವಾಗುತ್ತದೆ. ಅಪ್ಪನ ಫೋನಿಗೆ ಅವರದೇ ದಾರಿ ಬೇಕು. ಇ-ಸಿಮ್ ಇಲ್ಲದಿದ್ದರೆ ಅವರ ಸಿಮ್ಮಿಗೆ ಕರೆ ಮಾಡುವಷ್ಟಾದರೂ ರೋಮಿಂಗ್ ಪ್ಯಾಕ್ ಹಾಕಿಸಿ. ನಿಮ್ಮ ನಂಬರನ್ನು ದೇಶದ ಕೋಡ್ ಸಮೇತ, ಮುಂದೆ ಪ್ಲಸ್ ಚಿಹ್ನೆ ಹಾಕಿ ಅವರ ಫೋನಿನಲ್ಲಿ ಉಳಿಸಿ. ಹಾಗೆ ಉಳಿಸದಿದ್ದರೆ ಅಲ್ಲಿಂದ ಒತ್ತಿದಾಗ ಕರೆ ಹೋಗುವುದಿಲ್ಲ. ಇದನ್ನು ಅವರ ಕೈಯಲ್ಲೇ ಎರಡು ಸಲ ಮಾಡಿಸಿ ನೋಡಿ.

ಮುಗಿಲು

ಸರಿ, ಅಪ್ಪನ ಮಾತು ಬಂದಾಗ ನಾನು ಒಪ್ಪಿದೆ. ಹಾಗಿದ್ದರೆ ನನಗಾದ ಒಂದು ನಷ್ಟವನ್ನೂ ಹೇಳುತ್ತೇನೆ, ಇವರಿಗೆ ಆಗದಿರಲಿ. ಒಂದು ರಾತ್ರಿ ಹಡಗಿನಲ್ಲಿ ಸಮುದ್ರ ದಾಟುತ್ತಿದ್ದೆ. ದಡದ ಟವರ್ ಹೋದ ಮೇಲೆ ಫೋನು ಹಡಗಿನದೇ ನೆಟ್‌ವರ್ಕ್ ಹಿಡಿಯಿತು. ಅದು ಉಪಗ್ರಹದ ಮೂಲಕ ನಡೆಯುವಂಥದ್ದು. ಅದು ಯಾವ ದೇಶದ ಪ್ಲಾನಿಗೂ ಸೇರುವುದಿಲ್ಲ. ನಾನು ಮಲಗಿದ್ದೆ, ಫೋನು ಫೋಟೋಗಳನ್ನು ಬ್ಯಾಕಪ್ ಮಾಡುತ್ತಿತ್ತು. ಆ ತಿಂಗಳ ಬಿಲ್ ನೋಡಿ ಕೈಕಾಲು ತಣ್ಣಗಾಯಿತು. ಕೆಲವು ವಿಮಾನಗಳಲ್ಲೂ ಇಂಥ ನೆಟ್‌ವರ್ಕ್ ಇರುತ್ತದೆ. ವಿಮಾನ, ಹಡಗು ಹತ್ತಿದ ಕೂಡಲೇ ಏರೋಪ್ಲೇನ್ ಮೋಡ್ ಹಾಕಿ.

ಇನ್ನು ಕರೆ ಫಾರ್ವರ್ಡ್. ನಾವು ಎತ್ತದ ಕರೆ ವಾಯ್ಸ್‌ಮೇಲ್‌ಗೆ (ಕರೆ ಮಾಡಿದವರ ಮಾತು ರೆಕಾರ್ಡ್ ಆಗುವ ಕಡೆ) ಹೋಗುವ ಹಾಗಿದ್ದರೆ, ರೋಮಿಂಗ್‌ನಲ್ಲಿ ಅದು ನಮ್ಮ ತನಕ ಬಂದು ಮತ್ತೆ ಊರಿಗೆ ವಾಪಸ್ ಹೋಗುತ್ತದೆ. ಎರಡು ಕಡೆಗೂ ದುಡ್ಡು ಬೀಳಬಹುದು. ಹೊರಡುವ ಮುಂಚೆ ##002# ಒತ್ತಿದರೆ ಎಲ್ಲಾ ಫಾರ್ವರ್ಡ್ ರದ್ದಾಗುತ್ತದೆ.

ನಕ್ಷೆಪ್ರಿಯೆ

ದಾರಿ ಹುಡುಕುವ ವಿಷಯ ಯಾರೂ ಮುಟ್ಟಲಿಲ್ಲ, ನಾನು ಹೇಳುತ್ತೇನೆ.

ಜಿಪಿಎಸ್‌ಗೆ ಇಂಟರ್ನೆಟ್ ಬೇಕಿಲ್ಲ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸಂಕೇತವನ್ನು ಫೋನು ಸುಮ್ನೆ ಕೇಳಿಸಿಕೊಳ್ಳುತ್ತದೆ, ತಾನು ಏನೂ ಕಳಿಸುವುದಿಲ್ಲ. ಆದರೆ ಡೇಟಾ ಇಲ್ಲದಾಗ ಮೊದಲ ಸಲ ಜಾಗ ಹಿಡಿಯಲು ತಡ ಆಗುತ್ತದೆ. ಯಾಕೆ ಗೊತ್ತಾ? ಉಪಗ್ರಹ ಎಲ್ಲಿದೆ ಅನ್ನುವ ಮಾಹಿತಿ ಆಕಾಶದಿಂದ ಸೆಕೆಂಡಿಗೆ 50 ಬಿಟ್ ವೇಗದಲ್ಲಿ ಬರುತ್ತದೆ. ಒಂದು ಉಪಗ್ರಹದ ಆ ಮಾಹಿತಿ ಪೂರ್ತಿ ಬರಲು ಅರ್ಧ ನಿಮಿಷ ಬೇಕು. ಇಂಟರ್ನೆಟ್ ಇದ್ದರೆ ಅದೇ ಮಾಹಿತಿ ಕ್ಷಣದಲ್ಲಿ ಇಳಿಯುತ್ತದೆ. ಹಾಗಾಗಿ ನೀಲಿ ಚುಕ್ಕೆ ತಪ್ಪು ಜಾಗ ತೋರಿಸಿದರೆ ಗಾಬರಿಯಾಗಿ ನಡೆಯಲು ಶುರು ಮಾಡಬೇಡಿ. ತೆರೆದ ಜಾಗದಲ್ಲಿ ಒಂದೆರಡು ನಿಮಿಷ ನಿಲ್ಲಿ.

ಗೂಗಲ್ ಮ್ಯಾಪ್ಸ್‌ನಲ್ಲಿ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಬಹುದು. ಆದರೆ ಅದು ಆಫ್‌ಲೈನ್‌ನಲ್ಲಿ ಕಾರಿನ ದಾರಿ ಮಾತ್ರ ಹೇಳುತ್ತದೆ. ನಡಿಗೆಯ ದಾರಿ, ರೈಲು ಬಸ್ಸಿನ ಸಮಯ ಸಿಗುವುದಿಲ್ಲ. ನಿಮಗೆ ಬೇಕಾದದ್ದೇ ಅದು! ಅದಕ್ಕೆ ಆರ್ಗ್ಯಾನಿಕ್ ಮ್ಯಾಪ್ಸ್ ಹಾಕಿಕೊಳ್ಳಿ. ಅದು 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆ ಬಳಸುತ್ತದೆ. ಜಗತ್ತಿನ ಜನರೇ ಕೂಡಿ ಬರೆಯುತ್ತಿರುವ ನಕ್ಷೆ ಅದು. ಬೆಟ್ಟದ ಕಾಲುದಾರಿ, ಮೆಟ್ಟಿಲು ಎಲ್ಲಾ ಇರುತ್ತದೆ, ನಡಿಗೆಯ ದಾರಿಯನ್ನು ಆಫ್‌ಲೈನ್‌ನಲ್ಲೇ ಹೇಳುತ್ತದೆ. ಮೆಟ್ಟಿಲು ಎಲ್ಲಿದೆ ಅಂತ ಮುಂಚೆಯೇ ಕಂಡರೆ ಅಪ್ಪನ ಮಂಡಿಗೂ ಒಳ್ಳೆಯದು. ನಾನೂ ಬಿಡುವಿದ್ದಾಗ ಅದಕ್ಕೆ ದಾರಿಗಳನ್ನು ಸೇರಿಸುತ್ತೇನೆ, ಅದಕ್ಕೇ ಇಷ್ಟು ಪ್ರೀತಿ.

ಹೋಟೆಲ್‌ಗಳನ್ನು ಎರಡೂ ಆಪ್‌ನಲ್ಲಿ ಗುರುತು ಹಾಕಿಡಿ. ಜರ್ಮನ್ ಭಾಷೆಯನ್ನು ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಇಳಿಸಿಕೊಳ್ಳಿ.

ರೈಲುಕಿಟಕಿ

ಜರ್ಮನಿಗೆ ಡಿಬಿ ನ್ಯಾವಿಗೇಟರ್, ಸ್ವಿಟ್ಜರ್ಲೆಂಡ್‌ಗೆ ಎಸ್‌ಬಿಬಿ ಮೊಬೈಲ್. ಈ ಎರಡು ಆಪ್ ಸಾಕು. ಪ್ಲಾಟ್‌ಫಾರಂ ಬದಲಾದರೆ, ರೈಲು ತಡವಾದರೆ ತಿಳಿಯುತ್ತದೆ. ಇಬ್ಬರ ಟಿಕೆಟ್ಟೂ ನಿಮ್ಮ ಫೋನಿನಲ್ಲೇ ಇಡಬೇಡಿ. ಅಪ್ಪನದು ಅಪ್ಪನ ಫೋನಿನಲ್ಲಿ ಇರಲಿ, ಕಾಗದದ ಪ್ರತಿಯೂ ಜೇಬಲ್ಲಿರಲಿ.

ಜ್ಯೂರಿಕ್ ಮುಖ್ಯ ನಿಲ್ದಾಣದ ಬಗ್ಗೆ ಎಚ್ಚರ ಹೇಳುತ್ತೇನೆ. ಅದು ಹಲವು ಅಂತಸ್ತಿನ ನಿಲ್ದಾಣ. 31ರಿಂದ 34, 41ರಿಂದ 44ರ ಪ್ಲಾಟ್‌ಫಾರಂಗಳು ನೆಲದಡಿ ಇವೆ. ನೆಲದಡಿ ಜಿಪಿಎಸ್ ನಂಬಲು ಆಗುವುದಿಲ್ಲ. ಲೈವ್ ಲೊಕೇಶನ್ ಕಳಿಸಿದರೂ ಯಾವ ಅಂತಸ್ತು ಅಂತ ತಿಳಿಯುವುದಿಲ್ಲ. ಕೈತಪ್ಪಿದರೆ ಎಲ್ಲಿ ಸೇರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಮುಖ್ಯ ಹಜಾರದಲ್ಲಿ ಒಂದು ದೊಡ್ಡ ಗಡಿಯಾರ ಇದೆ. ಅಲ್ಲಿನವರೂ "ಗಡಿಯಾರದ ಕೆಳಗೆ ಸಿಗೋಣ" ಅಂತಲೇ ಹೇಳುವುದು. ಅದರ ಚಿತ್ರ ಅಪ್ಪನಿಗೆ ತೋರಿಸಿ.

ಫೋನು ತಟ್ಟಿ ದುಡ್ಡು ಕೊಟ್ಟು ಹತ್ತುವ ಊರುಗಳಿಗೂ ಮುಂದೆ ಹೋಗಬಹುದು ನೀವು, ಲಂಡನ್ ಥರ. ಅಲ್ಲಿನ ಮೆಟ್ರೋ ರೈಲಿನಲ್ಲಿ ಹತ್ತುವಾಗ ಫೋನು ತಟ್ಟಿದರೆ ಇಳಿಯುವಾಗಲೂ ಅದೇ ಫೋನು ತಟ್ಟಬೇಕು. ಫೋನಿನಲ್ಲಿರುವುದು ಅದೇ ಬ್ಯಾಂಕ್ ಕಾರ್ಡ್ ಆಗಿದ್ದರೂ ಯಂತ್ರದ ಲೆಕ್ಕದಲ್ಲಿ ಕಾರ್ಡ್ ಬೇರೆ, ಫೋನು ಬೇರೆ. ಹತ್ತುವಾಗ ಒಂದು, ಇಳಿಯುವಾಗ ಇನ್ನೊಂದು ತಟ್ಟಿದರೆ ಎರಡು ಅರ್ಧ ಪ್ರಯಾಣ ಅಂತ ಎಣಿಸಿ ಎರಡಕ್ಕೂ ಗರಿಷ್ಠ ದರ ಹಿಡಿಯುತ್ತದೆ.

ದಾರಿಗುಂಟ

ಎಲ್ಲಾ ಬರೆದುಕೊಂಡೆ. ಒಂದು ಪ್ರಶ್ನೆ. ತುರ್ತಿಗೆ ಯಾವ ನಂಬರ್?

ತಂತಿಟವರ್

112. ಎರಡೂ ದೇಶದಲ್ಲಿ ನಡೆಯುತ್ತದೆ. ಸಿಮ್ ಇಲ್ಲದ ಫೋನಿನಿಂದಲೂ 112 ಹೋಗುತ್ತದೆ ಅಂತ ಎಲ್ಲೋ ಓದಿರಬಹುದು. ಜರ್ಮನಿಯಲ್ಲಿ 2009ರಿಂದ ಸಿಮ್ ಇರಲೇಬೇಕು. ಸುಳ್ಳು ಕರೆಗಳ ಕಾಟಕ್ಕೆ ಆ ನಿಯಮ ತಂದರು. ಊರಿನ ಸಿಮ್ ಫೋನಿನಲ್ಲೇ ಇರಲಿ ಅನ್ನಲು ಇದೂ ಒಂದು ಕಾರಣ.

ಕಡಲತಡಿ

ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಾನು ಚೀನಾ, ಜಪಾನ್ ಎರಡಕ್ಕೂ ಹೋಗುವವಳು. ಚೀನಾದಲ್ಲಿ ವಾಟ್ಸಾಪ್, ಗೂಗಲ್ ಏನೂ ಸಿಗುವುದಿಲ್ಲ ಅಂತಾರೆ. ಕೆಲವರು ಸಿಗುತ್ತದೆ ಅಂತಾರೆ. ಯಾವುದು ನಿಜ?

ತಂತಿಟವರ್

ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಅಲ್ಲಿನ ಹೋಟೆಲ್ ವೈಫೈ, ಅಲ್ಲಿನ ಸಿಮ್ ಬಳಸಿದರೆ ಸಿಗುವುದಿಲ್ಲ. ಹೊರಗಿನ ಸಿಮ್ ರೋಮಿಂಗ್‌ನಲ್ಲಿದ್ದರೆ ಸಾಮಾನ್ಯವಾಗಿ ಸಿಗುತ್ತದೆ. ರೋಮಿಂಗ್‌ನಲ್ಲಿ ನಮ್ಮ ಡೇಟಾ ಅಲ್ಲಿನ ಟವರ್‌ನಿಂದ ನೇರ ಇಂಟರ್ನೆಟ್‌ಗೆ ಹೋಗುವುದಿಲ್ಲ. ಮೊದಲು ಸಿಮ್ ಕೊಟ್ಟ ಕಂಪನಿಯ ಜಾಲಕ್ಕೆ ಹೋಗಿ, ಅಲ್ಲಿಂದ ಹೊರಬೀಳುತ್ತದೆ. ಪ್ರವಾಸದ ಇ-ಸಿಮ್ ಹಾಕಿದಾಗ ಜಾಲತಾಣಗಳು ಯಾವುದೋ ಮೂರನೇ ದೇಶದ ಭಾಷೆಯಲ್ಲಿ ತೆರೆಯುವುದು, ಬ್ಯಾಂಕ್ ಆಪ್ ಅನುಮಾನ ಪಡುವುದು ಇದೇ ಕಾರಣಕ್ಕೆ. ಬೇಕಾದ ಆಪ್‌ಗಳನ್ನೆಲ್ಲಾ ಹೊರಡುವ ಮುಂಚೆಯೇ ಹಾಕಿಕೊಳ್ಳಿ. ದುಡ್ಡು ಕೊಡಲು ಅಲಿಪೇ ಇರಲಿ, ಅದು ಈಗ ಹೊರದೇಶದ ಕಾರ್ಡ್ ಒಪ್ಪುತ್ತದೆ.

ನಕ್ಷೆಪ್ರಿಯೆ

ಚೀನಾದ ನಕ್ಷೆಗಳಲ್ಲಿ ಇನ್ನೊಂದು ವಿಷಯ ಇದೆ. ಅಲ್ಲಿನ ಸರ್ಕಾರದ ನಿಯಮದ ಪ್ರಕಾರ ನಕ್ಷೆಯ ಬಿಂದುಗಳನ್ನು ಬೇಕೆಂದೇ ಸ್ವಲ್ಪ ಸರಿಸಿರುತ್ತಾರೆ. ಹೊರಗಿನ ನಕ್ಷೆ ಹಿಡಿದು ನಡೆದರೆ ನೀಲಿ ಚುಕ್ಕೆ ನೂರಾರು ಮೀಟರ್ ಆಚೆ ಕಾಣಬಹುದು. ಅಲ್ಲಿನ ಅಮ್ಯಾಪ್ ಬಳಸಿ.

ಜಪಾನ್‌ನಲ್ಲಿ ರೈಲು ಬಸ್ಸಿಗೆ ಮೊದಲೇ ದುಡ್ಡು ತುಂಬಿಟ್ಟು ಬಳಸುವ ಸುಯಿಕಾ ಕಾರ್ಡನ್ನು ಐಫೋನ್ 8 ಮತ್ತು ಅದರ ನಂತರದ ಯಾವ ಐಫೋನಿಗೂ ಹಾಕಬಹುದು, ಎಲ್ಲಿ ಕೊಂಡಿದ್ದರೂ ಸರಿ. ಆಂಡ್ರಾಯ್ಡ್ ಆದರೆ ಜಪಾನ್‌ನಲ್ಲಿ ಮಾರಿದ ಫೋನೇ ಬೇಕು. ನಿಮ್ಮದು ಆಂಡ್ರಾಯ್ಡ್ ಆದರೆ ಪ್ಲಾಸ್ಟಿಕ್ ಕಾರ್ಡ್ ತಗೊಳ್ಳಿ, ಸುಮ್ನೆ ಒದ್ದಾಡಬೇಡಿ.

ದಾರಿಗುಂಟ

ಮನೆಗೆ ಬಂದು ಮೂರು ದಿನ ಆಯಿತು. ನಿಮಗೆಲ್ಲಾ ಹೇಳದೆ ಇರಲು ಮನಸ್ಸಾಗಲಿಲ್ಲ.

ಇ-ಸಿಮ್ ಮ್ಯೂನಿಕ್‌ನಲ್ಲಿ ಇಳಿದ ಎರಡೇ ನಿಮಿಷಕ್ಕೆ ಹಿಡಿಯಿತು. ಕಾನ್‌ಸ್ಟಾನ್ಸ್‌ನಲ್ಲಿ ಸರೋವರದ ದಡದಲ್ಲಿ ಕೂತಿದ್ದಾಗ "ಸ್ವಿಟ್ಜರ್ಲೆಂಡ್‌ಗೆ ಸ್ವಾಗತ" ಅಂತ ಮೆಸೇಜು ಬಂತು! ತಂತಿಟವರ್ ಅವರನ್ನು ನೆನೆದೆ. ಒಟಿಪಿ ಮೂರು ಸಲ ಬೇಕಾಯಿತು, ಮೂರು ಸಲವೂ ಊರಿನ ಸಿಮ್ಮಿಗೆ ಬಂತು.

ಅಪ್ಪ ಜ್ಯೂರಿಕ್‌ನಲ್ಲಿ ಕೈತಪ್ಪಿದರು. ಯಾವುದಕ್ಕೆ ಹೆದರಿದ್ದೆನೋ ಅದೇ ಆಯಿತು. 33ನೇ ಪ್ಲಾಟ್‌ಫಾರಂನಿಂದ ಮೇಲೆ ಬರುವಾಗ ನಾನು ಬ್ಯಾಗು ಹಿಡಿದು ಲಿಫ್ಟ್ ಹತ್ತಿದೆ. ಅವರು ನಡೆದು ಬರುತ್ತೇನೆ ಅಂತ ಎಸ್ಕಲೇಟರ್ ಕಡೆ ಹೋದರು. ಮೇಲೆ ಬಂದರೆ ಅಪ್ಪ ಇಲ್ಲ. ಕರೆ ಮಾಡಿದೆ, ಸ್ವಿಚ್ ಆಫ್. ಬೆಳಿಗ್ಗೆಯಿಂದ ರೈಲಿನ ಕಿಟಕಿಯಿಂದ ವಿಡಿಯೋ ತೆಗೆದೂ ತೆಗೆದೂ ಅವರ ಬ್ಯಾಟರಿ ಮುಗಿದಿತ್ತು. ಪವರ್ ಬ್ಯಾಂಕ್ ನನ್ನ ಬ್ಯಾಗಿನಲ್ಲಿತ್ತು. ರೋಮಿಂಗ್ ಪ್ಯಾಕ್, ಪ್ಲಸ್ ಚಿಹ್ನೆ, ಲೈವ್ ಲೊಕೇಶನ್ ಒಂದೂ ಆಗ ಕೆಲಸಕ್ಕೆ ಬರಲಿಲ್ಲ.

ನಾನು ಮತ್ತೆ ಕೆಳಗೆ ಓಡಿದೆ, ಮೇಲೆ ಓಡಿ ಬಂದೆ. ಆಮೇಲೆ ಗಡಿಯಾರ ನೆನಪಾಯಿತು. ಹಜಾರಕ್ಕೆ ಬಂದೆ. ಅಪ್ಪ ಗಡಿಯಾರದ ಕೆಳಗೆ ಬ್ಯಾಗು ಕಾಲ ಬಳಿ ಇಟ್ಟುಕೊಂಡು, ಹೋಟೆಲ್ ವಿಳಾಸದ ಚೀಟಿ ಕೈಯಲ್ಲಿ ಹಿಡಿದು ನಿಂತಿದ್ದರು. "ಇಲ್ಲಿಗೇ ಬರ್ತೀಯ ಅಂತ ಗೊತ್ತಿತ್ತು" ಅಂದರು. ರೈಲುಕಿಟಕಿ ಅವರೇ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ.

ರೈಲುಕಿಟಕಿ

ಓದಿ ಕಣ್ಣು ತುಂಬಿ ಬಂತು. ಅಪ್ಪನಿಗೆ ನನ್ನ ನಮಸ್ಕಾರ ಹೇಳಿ.

ಹಳೇಬ್ಯಾಗು

ಪವರ್ ಬ್ಯಾಂಕ್ ವಿಷಯ ನಾನೇ ಮೊದಲು ಹೇಳಬೇಕಿತ್ತು. ಒಬ್ಬೊಬ್ಬರಿಗೆ ಒಂದೊಂದು, ಚಿಕ್ಕದಾದರೂ ಸರಿ. ಅದು ಕೈಬ್ಯಾಗಿನಲ್ಲೇ ಇರಬೇಕು, ವಿಮಾನದ ಕೆಳಗೆ ಹೋಗುವ ಲಗೇಜಿನಲ್ಲಿ ಇಡುವಂತಿಲ್ಲ. ಸಾಮಾನ್ಯ ಮಿತಿ 100 ವ್ಯಾಟ್-ಅವರ್. ಅಂದರೆ ಸುಮಾರು 27,000 ಎಂಎಎಚ್. ಒಬ್ಬೊಬ್ಬರಿಗೆ 10,000ದ್ದು ಧಾರಾಳ ಆಗುತ್ತದೆ. ಸಿಗ್ನಲ್ ಸೋತ ಬೆಟ್ಟದ ದಾರಿಯಲ್ಲಿ ಫೋನು ಟವರ್ ಹುಡುಕಿ ಹುಡುಕಿ ಬೇಗ ಖಾಲಿಯಾಗುತ್ತದೆ. ಅಂಥ ಕಡೆ ಏರೋಪ್ಲೇನ್ ಮೋಡ್ ಹಾಕಿದರೂ ಜಿಪಿಎಸ್ ನಡೆಯುತ್ತಲೇ ಇರುತ್ತದೆ.

ಹೊಸಹೆಜ್ಜೆ

ಇದನ್ನೆಲ್ಲಾ ಈಗಷ್ಟೇ ಓದಿದೆ. ನಾನು ಅಮ್ಮನನ್ನು ಆಸ್ಟ್ರೇಲಿಯಾಕ್ಕೆ ಕಳಿಸುತ್ತಿದ್ದೇನೆ, ಒಬ್ಬರೇ ಹೋಗುತ್ತಿದ್ದಾರೆ. ಅವರದು ತುಂಬಾ ಹಳೇ ಫೋನು. ಅದೇ ಅಭ್ಯಾಸ, ಬದಲಾಯಿಸಲು ಇಷ್ಟ ಇಲ್ಲ ಅಂತಾರೆ. ಸಿಮ್ ಅಲ್ಲೇ ಕೊಂಡರೆ ಸಾಕಲ್ವಾ?

ತಂತಿಟವರ್

ಸಾಲದೆ ಹೋಗಬಹುದು. ಆಸ್ಟ್ರೇಲಿಯಾದಲ್ಲಿ 2024ರಲ್ಲಿ 3ಜಿ ಪೂರ್ತಿ ನಿಂತಿದೆ. 4ಜಿ ಮೇಲೆ ತುರ್ತು ಕರೆ ಮಾಡಲಾಗದ ಫೋನುಗಳನ್ನು ಅಲ್ಲಿನ ಕಂಪನಿಗಳು ತಮ್ಮ ಜಾಲದಿಂದಲೇ ಹೊರಗಿಡಬೇಕು ಅಂತ ನಿಯಮ ಇದೆ. ಇಂಟರ್ನೆಟ್ 4ಜಿಯಲ್ಲಿ ನಡೆದರೂ ಕರೆಗೆ 3ಜಿಗೆ ಇಳಿಯುವ ಫೋನುಗಳು ಬಹಳ ಇವೆ. ಅಮ್ಮನ ಫೋನಿನ ಸೆಟ್ಟಿಂಗ್ಸ್‌ನಲ್ಲಿ ವೋಲ್ಟೀ (VoLTE, 4ಜಿ ಮೇಲೆಯೇ ಕರೆ ಮಾಡುವ ಸೌಲಭ್ಯ) ಅಂತ ಇದೆಯಾ ನೋಡಿ. ಇದ್ದರೂ ಆ ಮಾಡೆಲ್ ಅಲ್ಲಿ ನಡೆಯುತ್ತದಾ ಅಂತ ಅಲ್ಲಿನ ಕಂಪನಿಯ ಪಟ್ಟಿಯಲ್ಲಿ ಖಾತ್ರಿ ಮಾಡಿಕೊಳ್ಳಿ. ವೋಲ್ಟೀ ಇಲ್ಲದಿದ್ದರೆ ಈಗಲೇ ಬೇರೆ ಫೋನು ಕೊಡಿಸಿ, ಹೊರಡುವ ಮುಂಚೆ ಒಂದು ತಿಂಗಳು ಅವರ ಕೈಯಲ್ಲಿ ಪಳಗಲಿ. ಮಾಡೆಲ್ ಹೆಸರು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.

ಹೊಸಹೆಜ್ಜೆ

ಅಮ್ಮ ಮಲಗಿದ್ದಾರೆ. ಬೆಳಿಗ್ಗೆ ಎದ್ದ ಕೂಡಲೇ ಫೋನು ತಗೊಂಡು ನೋಡಿ ಹಾಕುತ್ತೇನೆ.